ಹೆಂಗಸು ಮುಟ್ಟಿದ ಗರಗಸ

ಹೆಣ್ಣು ಮುಟ್ಟಿದರೆ ಗರಗಸ ಕೆಡುತ್ತದೆ, ಅದರಿಂದ ಕೊಯ್ದ ಕಟ್ಟಿಗೆ ಮನೆಗೆ ಕೇಡು ಎಂದು ಮಸ್ಕಿಯ ನಮ್ಮ ಬಡಿಗೇರ ಓಣಿಯಲ್ಲಿ ಎಲ್ಲರೂ ನಂಬಿದ್ದರು. ನಂಬಲಿ ಬಿಡಿ, ನನಗೇನು. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಅವನ ಮೂರೂ ಗರಗಸಗಳ ಹಲ್ಲನ್ನು ಅರದಿಂದ ಉಜ್ಜಿ ಹದ ಮಾಡುತ್ತಿದ್ದವಳು ನಾನೇ. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಉಜ್ಜಬೇಕಿತ್ತು. ಗೊತ್ತಾದರೆ ಅಪ್ಪನಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಹಸಿ ಜಾಲಿಗೆ ದೊಡ್ಡ ಹಲ್ಲಿನದು ಬೇಕು. ಒಂದು ಹಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಚೆನ್ನಾಗಿ ಬಾಗಿರಬೇಕು, ಇಲ್ಲದಿದ್ದರೆ ಒದ್ದೆ ಹೊಟ್ಟು ತುಂಬಿ ಗರಗಸ ನಡುವೆಯೇ ಸಿಕ್ಕಿಬೀಳುತ್ತದೆ. ಬೇವಿಗೆ ನಡುತರದ್ದು ಸಾಕು. ಒಣಗಿದ ಸಾಗವಾನಿಗೆ ಮಾತ್ರ ಸಣ್ಣ ಹಲ್ಲಿನದೇ ಆಗಬೇಕು, ದೊಡ್ಡದು ಹಾಕಿದರೆ ಅಂಚೆಲ್ಲ ಎಳೆ ಎಳೆಯಾಗಿ ಕಿತ್ತುಬರುತ್ತದೆ. ಓಣಿಯ ಯಾವ ಗಂಡಸಿಗೂ ಕಡಿಮೆ ಇಲ್ಲದಂತೆ ಇದನ್ನು ಬಲ್ಲೆ, ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಆಗ ನಿಜಾಮರ ಕಾಲ. ಒಂದು ಮುಂಜಾನೆ ಲಿಂಗಸುಗೂರಿನ ಜವಾನನೊಬ್ಬ ಇಬ್ಬರು ಬಿಟ್ಟಿ ಆಳುಗಳನ್ನು ಕರೆದುಕೊಂಡು ಬಂದ. ಸಾಹೇಬರ ಡೇರೆಗೆ ಹಸಿ ಜಾಲಿಯ ಗೂಟ ಬೇಕಿತ್ತಂತೆ. ನಮ್ಮ ದೊಡ್ಡ ಗರಗಸವನ್ನೂ ನಡುತರದ್ದನ್ನೂ ಗುರುಗುಂಟಾದ ನೆಂಟರು ಒಯ್ದಿದ್ದರು. ಜವಾನ ಉಳಿದ ಸಣ್ಣ ಹಲ್ಲಿನದಕ್ಕೇ ಕೈ ಹಾಕಿದ. ಸಿಂಧನೂರಿನ ಸಾಹುಕಾರರು ಬಾಗಿಲಿಗೆಂದು ಕೊಟ್ಟ ಸಾಗವಾನಿ ನಮ್ಮ ಅಂಗಳದಲ್ಲಿತ್ತು. ಆಗ ನಮ್ಮ ಕೈಯಲ್ಲಿದ್ದದ್ದು ಅದೊಂದೇ ಕೆಲಸ, ಸಣ್ಣ ಗರಗಸ ಹೋದರೆ ಅದೂ ಹೋದಂತೆಯೇ.

“ಅದು ಹಸಿ ಕಟ್ಟಿಗಿಗೆ ಆಗೂದಿಲ್ರಿ, ಮುರೀತೈತಿ,” ಎಂದು ಅಪ್ಪ ಕೈಮುಗಿದ.

“ಹುಕುಂ ಐತಿ. ಸುಮ್ನ ಕೂಡು ಮುದುಕಾ,” ಎಂದ ಜವಾನ.

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ ಹೇಳಿದೆ. “ಒಯ್ಯಿರಿ. ಅದರ ಹಲ್ಲು ಉಜ್ಜಿದಾಕಿ ನಾನು. ಹೆಂಗಸು ಮುಟ್ಟಿದ ಗರಗಸಲೆ ಗೂಟ ಕೊಯ್ದು ಸಾಹೇಬರ ಡೇರೆ ಕಟ್ರಿ.”

“ನಾವು ಹಿಡ್ಯಂಗಿಲ್ರಿ,” ಎಂದು ಆಳುಗಳು ಹಿಂದೆ ಸರಿದರು. ಜವಾನ ಬಾಯಿಗೆ ಬಂದಂತೆ ಬೈದು, ಗರಗಸ ಬಿಸಾಡಿ ಹೋದ. ಗರಗಸವೇನೋ ಉಳಿಯಿತು. ನಮ್ಮ ಗುಟ್ಟು ಊರ ಬಾಯಿಗೆ ಬಿತ್ತು.

ಮೂರನೇ ದಿನ ಸಾಹುಕಾರರು ಬಂಡಿ ಕಟ್ಟಿಸಿಕೊಂಡು ಬಂದರು. “ಈ ಸುದ್ದಿ ಖರೇ ಏನು? ಖರೇ ಆದ್ರ ನನ್ನ ಕಟ್ಟಿಗಿ ವಾಪಸ್ ಒಯ್ತೀನಿ.”

ಅಪ್ಪ ಸುಳ್ಳು ಹೇಳಿ ಪಾರಾಗುತ್ತಾನೆ ಎಂದುಕೊಂಡೆ.

“ಖರೇ ರೀ,” ಎಂದ ಅಪ್ಪ. “ಎರಡು ವರ್ಷದಿಂದ ಆಕೀನ ಉಜ್ಜಾಕತ್ತ್ಯಾಳ. ನೀವು ಹೋದ ವರ್ಷ ಒಯ್ದ ತೊಟ್ಟಿಲಾನೂ ಆಕಿ ಉಜ್ಜಿದ ಗರಗಸಲೇ ಕೊಯ್ದಿದ್ದು. ಮೊಮ್ಮಗ ಆರಾಮ ಅದಾನಲ್ರೀ?”

ಸಾಹುಕಾರರು ಬಂಡಿಯಿಂದ ಇಳಿದರು. ಬಂಡಿಯವನು ಬೇರೆ ಕಡೆ ನೋಡಿದ. ನಾನು ಅಪ್ಪನನ್ನೂ ಕೇಳದೆ ಸಾಗವಾನಿಯ ಹಲಗೆ ಎಳೆದು, ಗೆರೆ ಹಾಕಿ, ಸಣ್ಣ ಹಲ್ಲಿನ ಗರಗಸ ಕೈಗೆತ್ತಿಕೊಂಡೆ.

“ಆ ತುದಿ ಹಿಡೀರಿ ಸಾವ್ಕಾರ್ರೇ,” ಎಂದೆ. “ಗಟ್ಟ್ಯಾಗಿ ಹಿಡೀರಿ, ಅಲುಗಿದ್ರ ಗೆರಿ ತಪ್ತೈತಿ.”

ಅವರು ಹೆಗಲ ಮೇಲಿನ ಶಲ್ಯ ತೆಗೆದಿಟ್ಟು, ಬಗ್ಗಿ ಹಿಡಿದರು.