ನಲವತ್ತೊಂದನೇ ನಂಬರಿನ ಕುರ್ಚಿ

ಆನೆಯ ಮೇಲೆ ಕೂತು ರಾಜ್ಯ ಗೆದ್ದವರಿದ್ದಾರೆ, ಕುದುರೆಯ ಮೇಲೆ ಕೂತು ಗೆದ್ದವರಿದ್ದಾರೆ. ಬರೀ ಒಂದು ಲೋಟ ನೀರು ಕೇಳಿ ಗೆದ್ದುಬರುತ್ತಿದ್ದವರು ಗಾಲಿ ಮಾವ ಒಬ್ಬರೇ.

ಅವರ ಸಾಮ್ರಾಜ್ಯ ಒಂದು ಹಳೆಯ ಗ್ಯಾರೇಜು. ಕೈಕಾಲು ಸ್ವಾಧೀನವಿಲ್ಲದವರಿಗೆ, ದೊಡ್ಡ ಕಾಯಿಲೆ ಬಿದ್ದವರಿಗೆ ಬೇಕಾಗುವ ಸಾಮಾನನ್ನೆಲ್ಲ ಬಿಟ್ಟಿಯಾಗಿ ಎರವಲು ಕೊಡುವ ಸಂಸ್ಥೆಯೊಂದು ಅಲ್ಲಿತ್ತು. ಗಾಲಿಕುರ್ಚಿ, ವಾಕರ್, ಗಾಳಿಹಾಸಿಗೆ, ಆಕ್ಸಿಜನ್ ಯಂತ್ರ, ಮಂಚಕ್ಕೆ ಸಿಕ್ಕಿಸುವ ಊಟದ ಹಲಗೆ. ಕೆಟ್ಟದ್ದನ್ನು ರಿಪೇರಿ ಮಾಡುವುದು, ಕೊಡುವ ಮೊದಲು ಜನರ ಅಳತೆಗೆ ಹೊಂದಿಸುವುದು, ಕೊಟ್ಟದ್ದನ್ನು ವಾಪಸು ತರುವುದು, ಮೂರೂ ಮಾವನ ಖಾತೆ. ವಯಸ್ಸು ಐವತ್ತಾರು. ಆಯುಧ ಹದಿಮೂರನೇ ನಂಬರಿನ ಸ್ಪ್ಯಾನರು. ರಥ ಬಾಗಿಲು ಸರಿಯಾಗಿ ಮುಚ್ಚದ ಒಂದು ವ್ಯಾನು. ಹೆಂಡತಿ ಬಿಟ್ಟರೆ ಇನ್ಯಾರಿಗೂ ಹೆದರಿದ್ದು ದಾಖಲೆಯಲ್ಲಿಲ್ಲ.

ಸಾಮಾನು ವಾಪಸು ಬರುವುದಕ್ಕೆ ಎರಡು ದಾರಿ. ಕಾಲು ಕೂಡಿದವರು ತಾವೇ ನಡೆದುಕೊಂಡು ಬಂದು, ಖಾಲಿ ಕುರ್ಚಿ ತಳ್ಳಿಕೊಂಡು ಬಂದು, ಹಲ್ಲು ಕಿರಿದು ಕೊಟ್ಟುಹೋಗುತ್ತಿದ್ದರು. ಉಳಿದವರ ಮನೆಗೆ ಮಾವ ಹೋಗಬೇಕು. ವ್ಯಾನು ಬೀದಿಗೆ ಬಂತೆಂದರೆ ಅಕ್ಕಪಕ್ಕದವರು ಕಿಟಕಿಯಿಂದಲೇ ಲೆಕ್ಕ ಹಾಕಿ, "ಅಯ್ಯೋ, ಆ ಮನೆಯವರು ಹೋದ್ರಾ ಹಾಗಾದ್ರೆ?" ಎನ್ನುತ್ತಿದ್ದರು. ಸತ್ತವರ ಮನೆಯಿಂದ ಸಾಮಾನು ಕೇಳುವುದು ಹಾವಿನ ಬಾಯಿಂದ ಕಪ್ಪೆ ಬಿಡಿಸುವುದಕ್ಕಿಂತ ಕಷ್ಟ. ಹಾವಿಗೆ ಅಳು ಬರುವುದಿಲ್ಲ. ಅದಕ್ಕೇ ಮಾವ ಬಾಯಿಬಿಟ್ಟು ಕೇಳುತ್ತಲೇ ಇರಲಿಲ್ಲ. ಒಳಗೆ ಹೋಗಿ, "ಒಂದ್ ಲೋಟ ನೀರು ಕೊಡಿ" ಎನ್ನುವರು. ನಿಧಾನವಾಗಿ ಕುಡಿಯುವರು. ಗೋಡೆ ನೋಡುವರು. ಆಮೇಲೆ ಕುರ್ಚಿಯ ಕಡೆ ಕಣ್ಣು ಹಾಯಿಸಿ, "ಗಾಳಿ ಕಡಿಮೆ ಆಗಿರ್ಬೇಕು, ಒಂದ್ಸಲ ನೋಡ್ಲಾ?" ಎನ್ನುವರು. ಅಷ್ಟೇ.

ಮನೆಯವರಿಗೆ ಅರ್ಥವಾಗುತ್ತಿತ್ತು. "ತಗೊಂಡ್ಹೋಗಿಬಿಡಿ" ಎಂದರೆ ಮುಗಿಯಿತು. ಕೆಲವರು, "ಇಲ್ಲ, ಗಾಳಿ ಸರಿ ಇದೆ" ಎನ್ನುತ್ತಿದ್ದರು. ಹಾಗೆಂದರೆ ಕೊಡಲು ಇನ್ನೂ ಮನಸ್ಸಾಗಿಲ್ಲ ಎಂದರ್ಥ. ಆಗ ಮಾವ ಉಳಿದ ನೀರು ಕುಡಿದು, "ಹಾಗಾದ್ರೆ ಇನ್ನೊಂದ್ ದಿನ ಬರ್ತೀನಿ" ಎಂದು ಎದ್ದುಬಿಡಬೇಕು. ಎರಡನೇ ಮಾತಿಲ್ಲ. ನಿವೃತ್ತ ಬಸ್ ಡ್ರೈವರೊಬ್ಬ ಹೀಗೆ ಏಳು ಸಲ ಮಾವನನ್ನು ವಾಪಸು ಕಳಿಸಿದ್ದ. ಎಂಟನೇ ಸಲ ವ್ಯಾನಿನ ಸದ್ದಿಗೇ ಕುರ್ಚಿಯನ್ನು ಬಾಗಿಲಿಗೆ ತಳ್ಳಿಕೊಂಡು ಬಂದು, "ತಗೊಂಡ್ಹೋಗು ಮಹಾರಾಯ. ನೀರಿನ ಬಿಲ್ ಕಟ್ಟಿ ಸಾಕಾಯ್ತು" ಎಂದ. ಈ ಯುದ್ಧವನ್ನು ಮಾವ ಹೊಸಬರಿಗೆಲ್ಲ ಪಾಠದಂತೆ ಹೇಳುತ್ತಿದ್ದರು: "ಏಳು ಸಲ ಹೋಗೋ ಕಾಲಿರ್ಬೇಕು, ಒಂದು ಸಲಾನೂ ಕೇಳೋ ಬಾಯಿರ್ಬಾರ್ದು."

ಇನ್ನೊಂದು ಕಾನೂನೂ ಇತ್ತು. ಕುರ್ಚಿಗೆ ತೂತು ಕೊರೆಯಬಾರದು. "ಇವತ್ತು ನಿಮ್ದು, ನಾಳೆ ಇನ್ನೊಬ್ಬರದ್ದು. ನಟ್ಟು ಬಿಗಿಮಾಡಿ, ಸಡಿಲ ಮಾಡಿ, ಏನು ಬೇಕಾದ್ರೂ ಮಾಡಿ. ಡ್ರಿಲ್ಲು ಮುಟ್ಟಿದ್ರೆ ಕೈ ಮುರೀತೀನಿ." ಇದನ್ನು ಅವರು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೆಂದರೆ ಸಂಸ್ಥೆಯ ಡ್ರಿಲ್ಲಿಗೇ ಅವಮಾನವಾಗಿ ತುಕ್ಕು ಹಿಡಿದಿತ್ತು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಕೊನೆಗೆ ಬಚ್ಚಲಲ್ಲೇ ಬೀಳುವುದು. ಮಾವನ ಹೆಂಡತಿಗೆ ಸ್ನಾಯುಗಳು ಒಂದೊಂದಾಗಿ ಕೆಲಸ ಬಿಡುವ ಕಾಯಿಲೆ ಬಂತು. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಕತ್ತು. ಎರಡು ವರ್ಷ. ಮಾವ ನಲವತ್ತೊಂದನೇ ನಂಬರಿನ ಕುರ್ಚಿ ಮನೆಗೆ ತಂದರು. ಇದ್ದದ್ದರಲ್ಲಿ ಅದೊಂದೇ ಅಗಲ ಕಡಿಮೆಯದು, ಅವರ ಅಡುಗೆಮನೆಯ ಬಾಗಿಲಲ್ಲಿ ಹಾಯುವಂಥದ್ದು. ಸೊರಗುತ್ತಿದ್ದ ಮೈಗೆ ಕೈಯಾಸರೆಗಳು ದೂರವಾದಾಗ ಬಾಗಿಲು ಹಾಕಿಕೊಂಡು, ಪಕ್ಕದ ಮನೆಯಿಂದ ಡ್ರಿಲ್ಲು ತಂದು, ಅವನ್ನು ಹತ್ತಿರಕ್ಕೆ ಸರಿಸಲು ನಾಲ್ಕು ತೂತು ಕೊರೆದರು. ಎಡಗೈಯ ಉಂಗುರ ಬೆರಳೊಂದೇ ಕೊನೆಯವರೆಗೂ ಅಲ್ಲಾಡುತ್ತಿತ್ತು. ಅದಕ್ಕೆ ಎಟುಕುವಂತೆ ಸೈಕಲ್ ಬೆಲ್ಲು ಕೂರಿಸಿದರು. ಒಂದು ಸಲ ಟ್ರಿಂಗ್ ಎಂದರೆ ನೀರು. ಎರಡು ಎಂದರೆ ಮಗ್ಗುಲು. ಮೂರು ಎಂದರೆ ಏನೂ ಇಲ್ಲ, ಸುಮ್ಮನೆ.

ಆಕೆ ಹೋಗಿ ಮೂರು ತಿಂಗಳಾಗಿತ್ತು. ಮಾವ ಅಳಲಿಲ್ಲ. ನಾಲ್ಕನೇ ದಿನ ಕೆಲಸಕ್ಕೆ ಬಂದು ಒಂದು ವಾಕರಿಗೆ ರಬ್ಬರು ಹಾಕಿದರು. ನೋಡಿದವರು, "ಗಟ್ಟಿ ಕುಳ ಕಣ್ರೀ, ಕಲ್ಲು" ಎಂದು ಹೊಗಳಿದರು. ಕಲ್ಲಿಗೆ ಆ ಹೊಗಳಿಕೆಯೂ ತಾಗಲಿಲ್ಲ. ಊಟದ ಹೊತ್ತಿಗೆ ಊಟ ಮಾಡಿದರು, ಉಪ್ಪು ಹಾಕಿದ್ದೀನೋ ಇಲ್ಲವೋ ಎಂದು ಡಬ್ಬಿ ನೋಡಿ ತಿಳಿದುಕೊಂಡರು. ಇನ್ನೊಂದು ವಿಚಿತ್ರವೆಂದರೆ ಹೆಬ್ಬೆರಳು. ಟಯರನ್ನು ಹೆಬ್ಬೆರಳಿಂದ ಒತ್ತಿದರೆ ಎಷ್ಟು ಗಾಳಿ ಇದೆ, ಎಷ್ಟು ಬೇಕು ಎಂದು ಹೇಳುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಈಗ ಒತ್ತಿದರೆ ರಬ್ಬರು ರಬ್ಬರಾಗಿತ್ತು, ಬೆರಳು ಬೆರಳಾಗಿತ್ತು, ನಡುವೆ ಸುದ್ದಿ ಸಮಾಚಾರ ಇರಲಿಲ್ಲ. ಯಾರಿಗೂ ಹೇಳದೆ ಗಾಳಿ ಅಳೆಯುವ ಮೀಟರೊಂದನ್ನು ಜೇಬಿನಲ್ಲಿಟ್ಟುಕೊಂಡರು.

ನಲವತ್ತೊಂದು ಮಾತ್ರ ಮನೆಯಲ್ಲಿ, ಕಿಟಕಿಯ ಹತ್ತಿರವೇ ಉಳಿಯಿತು. ಗ್ಯಾರೇಜಿನ ಗೋಡೆಯ ಮೇಲೆ ಅದರ ಚೀಟಿ 'ಹೊರಗಿದೆ' ಎನ್ನುವ ಮೊಳೆಯಲ್ಲೇ ನೇತಾಡುತ್ತಿತ್ತು. ಎಲ್ಲರೂ ನೋಡುತ್ತಿದ್ದರು, ಯಾರೂ ನೋಡಿರಲಿಲ್ಲ.

ಒಂದು ಬುಧವಾರ ದರ್ಜಿ ಹೆಂಗಸೊಬ್ಬಳು ತನ್ನ ತಮ್ಮನ ಬೆನ್ನ ಮೇಲೆ ಬಂದಳು. ಸೊಂಟದಿಂದ ಕೆಳಗೆ ಬಲವಿಲ್ಲ, ಸೊಂಟದಿಂದ ಮೇಲೆ ನಾಲಿಗೆಯೂ ಸೇರಿ ಎಲ್ಲವೂ ಚುರುಕು.

"ಅಣ್ಣಾ, ಸೋಮವಾರದಿಂದ ಯೂನಿಫಾರಂ ಹೊಲಿಯೋ ಕಾರ್ಖಾನೆಲಿ ಕೆಲಸ ಸಿಕ್ಕಿದೆ. ಕೈ ಮೋಟಾರಿನ ಮಿಷಿನ್ನು, ಕಾಲು ಬೇಡ. ಆದ್ರೆ ಒಳಗೆ ಹೋಗೋ ಬಾಗಿಲು ಇಪ್ಪತ್ತಮೂರೇ ಇಂಚು. ಮಾಲೀಕರು, 'ಸೋಮವಾರ ನೀನೇ ಒಳಗೆ ಬಂದ್ರೆ ನಿನ್ನ ಸೀಟು, ಇಲ್ದಿದ್ರೆ ಬೇರೆಯವರ್ದು' ಅಂದ್ರು."

"ತಮ್ಮ ಎತ್ಕೊಂಡ್ ಹೋಗಬಾರ್ದಾ?"

"ಇವನ ಬೆನ್ನು ನನ್ನ ಕೆಲಸಕ್ಕೆ ಸೇರಿದ್ರೆ ಇವನ ಕೆಲಸಕ್ಕೆ ಯಾರ ಬೆನ್ನು ಹೋಗುತ್ತೆ? ಅದೂ ಅಲ್ದೆ ದಿನಕ್ಕೆ ನಾಲ್ಕು ಸಲ ಬಚ್ಚಲಿಗೆ ಹೋಗೋಕೆ ತಮ್ಮನ್ನ ಕೂಗ್ಲಾ? ಮೂವತ್ತೆರಡು ವರ್ಷ ಕೂಗಿದ್ದಾಯ್ತು ಅಣ್ಣಾ."

ಮಾವ ಟೇಪು ಹಿಡಿದರು. ಅಳೆಯುವ ಮೊದಲೇ ಕಣ್ಣಿಗೆ ಗೊತ್ತಾಗಿಹೋಗಿತ್ತು: ನಲವತ್ತೊಂದು. ಚಕ್ರದಿಂದ ಚಕ್ರಕ್ಕೆ ಇಪ್ಪತ್ತೆರಡು ಇಂಚು. ಅವರ ಬಾಯಿ ಮಾತ್ರ, "ನೋಡೋಣ, ಯಾವುದಾದ್ರೂ ವಾಪಸ್ ಬಂದ್ರೆ" ಎಂದಿತು.

ಅಲ್ಲಿಂದ ಶುರುವಾಯಿತು ಮಾವನ ಮಹಾಸಮರ. ಗುರುವಾರ ಒಂದು ದೊಡ್ಡ ಕುರ್ಚಿಯನ್ನು ಬಿಚ್ಚಿ ಕಿರಿದು ಮಾಡಲು ಹೋದರು. ಜೋಡಿಸಿದ ಮೇಲೆ ಅದು ಎಡಕ್ಕೆ ಮಾತ್ರ ತಿರುಗುವ ಹಟ ಹಿಡಿಯಿತು. ಶುಕ್ರವಾರ, ಕುರ್ಚಿ ಬಗ್ಗದಿದ್ದರೆ ಬಾಗಿಲು ಬಗ್ಗಲಿ ಎಂದು ಉಳಿ ಸುತ್ತಿಗೆ ಹಿಡಿದು ಕಾರ್ಖಾನೆಗೇ ದಂಡೆತ್ತಿ ಹೋದರು. ಕಬ್ಬಿಣದ ಚೌಕಟ್ಟು, ಸಿಮೆಂಟು ಗೋಡೆ. ಮೂರು ಏಟು ಬೀಳುವಷ್ಟರಲ್ಲಿ ಮಾಲೀಕ ಓಡಿಬಂದ.

"ಯಾರ್ರೀ ನೀವು? ನನ್ನ ಬಾಗಿಲು ಯಾಕ್ರೀ ಒಡೀತಿದ್ದೀರಾ?"

"ಎರಡೇ ಇಂಚು ಸಾರ್."

"ಎರಡಿಂಚು ನಿಮ್ಮನೇಲಿ ಒಡ್ಕೊಳ್ಳಿ!"

ಆ ಮಾತು ಆತನಿಗೆ ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಹೋಗಿತ್ತು. ಮಾವ ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದರು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅದೂ ಹೆಬ್ಬೆರಳಿನ ಜೊತೆಗೇ ಎಲ್ಲೋ ಹೋಗಿತ್ತು.

ಸುದ್ದಿ ಸಂಸ್ಥೆಯ ಮುಖ್ಯಸ್ಥೆಗೆ ಮುಟ್ಟಿತು. ಆಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸು ಮೂವತ್ತೆಂಟು, ಹನ್ನೆರಡು ವರ್ಷದ ಹಿಂದೆ ಮಾವನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಕೆಲಸ ಕಲಿತವಳು. ಶನಿವಾರ ಸಂಜೆ ಐದಕ್ಕೆ ಮಾವನ ಮನೆಯ ಬಾಗಿಲು ತಟ್ಟಿದಳು. ಒಳಗೆ ಬಂದು ಕೂತಳು.

"ಮಾವ, ಒಂದ್ ಲೋಟ ನೀರು ಕೊಡಿ."

ಮಾವ ಕೊಟ್ಟರು. ದೊಡ್ಡಕ್ಕ ನಿಧಾನವಾಗಿ ಕುಡಿದಳು. ಗೋಡೆ ನೋಡಿದಳು. ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ, ಇದ್ದ ಒಂದು ಫೋಟೋವನ್ನು ಆಕೆ ನೋಡಲಿಲ್ಲ. ಆಮೇಲೆ ಕಿಟಕಿಯ ಕಡೆ ಕಣ್ಣು ಹಾಯಿಸಿ, "ಗಾಳಿ ಕಡಿಮೆ ಆಗಿರ್ಬೇಕು, ಒಂದ್ಸಲ ನೋಡ್ಲಾ?" ಎಂದಳು.

ಮೂವತ್ತು ವರ್ಷ ತಾವೇ ಬಿಟ್ಟ ಬಾಣ ತಿರುಗಿ ಬಂದು ತಮ್ಮ ಎದೆಗೇ ನೆಟ್ಟರೂ ಮಾವನಿಗೆ ನೋವಾಗಲಿಲ್ಲ. ಬಾಣದ ಕೆಲಸಗಾರಿಕೆ ಚೆನ್ನಾಗಿದೆ ಎಂದಷ್ಟೇ ಅನ್ನಿಸಿತು.

"ಇಲ್ಲ," ಎಂದರು. "ಗಾಳಿ ಸರಿ ಇದೆ."

"ಹಾಗಾದ್ರೆ ಇನ್ನೊಂದ್ ದಿನ ಬರ್ತೀನಿ."

ಹೋದಳು. ಭಾನುವಾರ ಬೆಳಗ್ಗೆ ಎಂಟಕ್ಕೆ ಮತ್ತೆ ಬಂದಳು. ನೀರು, ಗೋಡೆ, ಗಾಳಿ. "ಸರಿ ಇದೆ." ಹತ್ತು ಗಂಟೆಗೆ ಬಂದಳು. ನೀರು, ಗೋಡೆ, ಗಾಳಿ. "ಸರಿ ಇದೆ." ಹನ್ನೊಂದೂವರೆಗೆ ಬಂದಾಗ ಮಾವ ಬಾಗಿಲಲ್ಲೇ ನಿಂತು ಲೋಟ ಚಾಚಿದರು.

"ನಿಂಗೆ ಬೇರೆ ಕೆಲಸ ಇಲ್ವೇನೇ?"

"ಏಳು ಸಲ ಹೋಗೋ ಕಾಲಿರ್ಬೇಕು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು? ನೀವು ತಿಂಗಳುಗಟ್ಟಲೆ ಮಾಡೋದನ್ನ ನಾನು ಸೋಮವಾರದೊಳಗೆ ಮುಗಿಸ್ಬೇಕು ಮಾವ. ಅದಕ್ಕೇ ಸ್ವಲ್ಪ ಬಿರುಸು."

"ದೊಡ್ಡ ಲೋಟದಲ್ಲಿ ಕೊಡ್ಲಾ?"

"ಇದೇ ಸಾಕು, ಹೊಟ್ಟೆ ಗುಳುಗುಳು ಅಂತಿದೆ."

ಐದನೇ ಸಲ ಕುಡಿಯುವಾಗ ಆಕೆಯ ಮುಖ ಕಷಾಯ ಕುಡಿದವರಂತಾಗಿತ್ತು. ಆದರೂ ಒಮ್ಮೆಯೂ ಕುರ್ಚಿ ಕೊಡಿ ಎನ್ನಲಿಲ್ಲ. ದರ್ಜಿಯ ಹೆಸರೆತ್ತಲಿಲ್ಲ. ಗುರುವಿಗೆ ತಕ್ಕ ಶಿಷ್ಯೆ. ಆರನೇ ಸಲ, ಮಧ್ಯಾಹ್ನ ಮೂರಕ್ಕೆ, ಅರ್ಧ ಲೋಟಕ್ಕೇ ನಿಲ್ಲಿಸಿ ಎದ್ದಳು.

"ಮಾವ, ಬಚ್ಚಲು ಎಲ್ಲಿ?"

"ಎಡಗಡೆ."

ಆಕೆ ಓಡಿದಳು. ಮಾವ ಕುರ್ಚಿಯ ಮುಂದೆ ನಿಂತರು. ಪ್ರತಿ ಭಾನುವಾರ ಎಣ್ಣೆ ಬಿಟ್ಟು ಗಾಳಿ ತುಂಬಿದ್ದರಿಂದ ಟಯರು ಕಲ್ಲಿನಂತಿತ್ತು. ಮೂರು ತಿಂಗಳಿಂದ ಆ ಚಕ್ರ ಒಂದಿಂಚೂ ಉರುಳಿರಲಿಲ್ಲ. ಬೆಲ್ಲಿನ ಮೇಲೆ ಸಣ್ಣಗೆ ಧೂಳು ಕೂತಿತ್ತು. ಬೇರೆಲ್ಲ ಒರೆಸುತ್ತಿದ್ದರು, ಅದನ್ನು ಒರೆಸಿರಲಿಲ್ಲ, ಒರೆಸಿದರೆ ಸದ್ದಾಗುತ್ತದೆ.

ದೊಡ್ಡಕ್ಕ ಮುಖ ಒರೆಸಿಕೊಂಡು ಹೊರಬಂದಾಗ ಮಾವ ಹದಿಮೂರನೇ ನಂಬರಿನ ಸ್ಪ್ಯಾನರು ಹಿಡಿದು ನೆಲದ ಮೇಲೆ ಕೂತಿದ್ದರು. ಬೆಲ್ಲು ಕಳಚಿ ಕಿಟಕಿಯ ಕಟ್ಟೆಯ ಮೇಲಿತ್ತು. ಹೆಂಡತಿಯ ಕತ್ತಿಗೆಂದು ಸೇರಿಸಿದ್ದ ತಲೆಯಾಸರೆಯೂ ಬಿಚ್ಚಿತ್ತು.

"ನಾಲ್ಕು ತೂತು ಕೊರೆದಿದ್ದೀನಿ ಇದಕ್ಕೆ," ಎಂದರು ತಲೆಯೆತ್ತದೆ. ಕಳ್ಳ ಠಾಣೆಗೆ ಬಂದು ತಾನೇ ಒಪ್ಪಿಕೊಂಡಂತಿತ್ತು.

"ಗೊತ್ತು."

"ಗೊತ್ತಾ?"

"ಅತ್ತೆ ತೋರಿಸಿದ್ರು. ಹೋದ ವರ್ಷ ನಾನು ನೋಡೋಕೆ ಬಂದಿದ್ನಲ್ಲ, ಆಗಿನ್ನೂ ಮಾತು ಬರ್ತಿತ್ತು. 'ನೋಡೇ, ನಿಮ್ಮ ಮಾವ ಕಾನೂನು ಮುರಿದಿದಾರೆ, ನಾಲ್ಕು ಕಡೆ' ಅಂದ್ರು. ಚಿನ್ನದ ಬಳೆ ತೋರಿಸೋ ಹಾಗೆ ತೋರಿಸಿದ್ರು."

ಮಾವ ಇನ್ನೊಂದು ನಟ್ಟಿಗೆ ಸ್ಪ್ಯಾನರು ಕೂರಿಸಿದರು. ಆಮೇಲೆ ತಿರುಗಿಸಿದರು. ಆ ಮಾತು ಒಳಗೆ ಹೋದದ್ದು ಅವರಿಗೆ ತಿಳಿಯಿತು. ಎಲ್ಲಿ ಬಿತ್ತೆಂದು ಸದ್ದು ಬರಲಿಲ್ಲ, ತುಂಬಾ ಆಳದ ಬಾವಿಗೆ ಹಾಕಿದ ಕಲ್ಲಿನ ಹಾಗೆ.

"ಇನ್ನೊಂದು ಸಲ ಬಾಕಿ ಇದೆ ಮಾವ. ಬರ್ಲೋ ಬೇಡ್ವೋ?"

"ಬೇಡ. ನೀನು ಸತ್ತೀಯ. ತಗೊಂಡ್ಹೋಗು."

ಸೋಮವಾರ ಬೆಳಗ್ಗೆ ಕಾರ್ಖಾನೆಯ ಮುಂದೆ ಮಾವ ಕೈಯಾಸರೆಗಳನ್ನು ಹಳೆಯ ಜಾಗಕ್ಕೆ ಸರಿಸಿ, ದರ್ಜಿಯನ್ನು ಕೂರಿಸಿ, ಪಾದದ ಹಲಗೆ ಹೊಂದಿಸಿದರು. ಟಯರಿಗೆ ಹೆಬ್ಬೆರಳು ಒತ್ತಿದರು. ಏನೂ ಹೇಳಲಿಲ್ಲ ಅದು. ಜೇಬಿನಿಂದ ಮೀಟರು ತೆಗೆದು ನೋಡಿ ಒಂಚೂರು ಗಾಳಿ ಬಿಟ್ಟರು.

"ಈ ತೂತು ಯಾಕಣ್ಣಾ?" ದರ್ಜಿ ಕೈಯಾಸರೆಯ ಕೆಳಗೆ ಬೆರಳಾಡಿಸಿದಳು.

"ಮೊದಲು ಇದ್ದೋರಿಗೆ ಬೇಕಾಗಿತ್ತು."

"ಒಳ್ಳೇದಾಯ್ತು ಬಿಡಿ." ಚೀಲದಿಂದ ಒಂದು ಕೊಕ್ಕೆ ತೆಗೆದು ತೂತಿಗೆ ಸಿಕ್ಕಿಸಿ ಕತ್ತರಿ ನೇತುಹಾಕಿದಳು. ಇನ್ನೊಂದಕ್ಕೆ ಟೇಪು. "ಇನ್ನೆರಡು ಉಳೀತು. ಏನಾದ್ರೂ ಯೋಚನೆ ಮಾಡ್ತೀನಿ."

ಕುರ್ಚಿಗೆ ಏನನ್ನೂ ನೇತುಹಾಕಬಾರದು ಎಂದೂ ಒಂದು ಕಾನೂನಿತ್ತು. ಮಾವ ಕೊಕ್ಕೆ ಬಿಗಿಯಾಗಿದೆಯೇ ಎಂದು ಎಳೆದು ನೋಡಿದರು. ಬಾಗಿಲಿನ ಹತ್ತಿರ ಮಾಲೀಕ ಕೈಕಟ್ಟಿ ನಿಂತಿದ್ದ, ಕಣ್ಣು ದರ್ಜಿಯ ಮೇಲಲ್ಲ, ಮಾವನ ಚೀಲದ ಮೇಲೆ. ದರ್ಜಿ ಎರಡೂ ಕೈಯಿಂದ ಚಕ್ರ ನೂಕಿದಳು. ಎಡಗಡೆ ಅರ್ಧ ಇಂಚು, ಬಲಗಡೆ ಅರ್ಧ ಇಂಚು. ಕತ್ತರಿ ಒಂದು ಸಲ ಚೌಕಟ್ಟಿಗೆ ತಾಗಿ ಕಿಣಿ ಎಂದಿತು, ಅವಳು ಒಳಗಿದ್ದಳು. ತಿರುಗಿ ನೋಡಲಿಲ್ಲ, ಕೆಲಸಕ್ಕೆ ಹೊತ್ತಾಗಿತ್ತು.

ಅವತ್ತು ಮಾವ ಇನ್ನೆರಡು ಮನೆಗೆ ಹೋಗಿ ಬಂದರು. ಒಂದು ಕಡೆ ನೀರು ಕುಡಿದು ಗಾಳಿಹಾಸಿಗೆ ತಂದರು, ಇನ್ನೊಂದು ಕಡೆ ನೀರು ಕುಡಿದು ಬರಿಗೈಯಲ್ಲಿ ಬಂದರು. ಗ್ಯಾರೇಜಿನಲ್ಲಿ ನಲವತ್ತೊಂದರ ಚೀಟಿಯ ಮೇಲಿದ್ದ ಹೆಂಡತಿಯ ಹೆಸರಿಗೆ ಗೆರೆ ಎಳೆದು, ಕೆಳಗೆ ದರ್ಜಿಯ ಹೆಸರು ಬರೆದು, ಅದೇ ಮೊಳೆಗೆ ಸಿಕ್ಕಿಸಿದರು.

ಸಂಜೆ ಮನೆಗೆ ಬಂದು ಬೀಗ ತೆಗೆದರು. ಚಪ್ಪಲಿ ಬಿಟ್ಟರು. ಕಿಟಕಿಯ ಹತ್ತಿರ ಎಂದಿನಂತೆ ಸೊಂಟ ಓರೆ ಮಾಡಿ, ಅಲ್ಲಿಲ್ಲದ ಕುರ್ಚಿಗೆ ತಾಗದ ಹಾಗೆ ಸುತ್ತುಹಾಕಿ, ಒಲೆಯ ಕಡೆ ಹೋದರು.