ನಗುವ ಪಾರ್ಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸಂಜೆಯಾದರೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಕೆಲಸದಿಂದ ಬರುವ ಹೊತ್ತು ಅದು. ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಅವರು ಸಪ್ಲಾಯರ್. ಬೆಳಕು ಹರಿಯುವ ಮೊದಲೇ ಹೋದವರು ಲಾಟೀನು ಹಚ್ಚುವ ಹೊತ್ತಿಗೆ ಬಂದು ಜಗಲಿಯಲ್ಲಿ ಕುಸಿದು ಕೂರುತ್ತಿದ್ದರು. ಅಕ್ಕ ಬಾಯಗಲದ ಬೋಗುಣಿಯಲ್ಲಿ ಬಿಸಿನೀರು ತಂದು, ಒಂದು ಹಿಡಿ ಕಲ್ಲುಪ್ಪು ಹಾಕಿ ಅವರ ಕಾಲ ಬುಡದಲ್ಲಿ ಇಡುತ್ತಿದ್ದಳು. ಅಪ್ಪ ಪಾದ ಮುಳುಗಿಸಿ ಕಣ್ಣು ಮುಚ್ಚಿದರೆಂದರೆ ಮುಗಿಯಿತು. ಏನು ಕೇಳಿದರೂ ಬರೀ ‘ಹೂಂ’. ಕೆಲವು ದಿನ ಅದೂ ಇಲ್ಲ.

ಅಮ್ಮ ತೀರಿಕೊಂಡ ಮೇಲೆ ಮನೆಯ ಕೆಲಸವೆಲ್ಲ ಅಕ್ಕನದು, ಮಾತೆಲ್ಲ ನನ್ನದು. ಬೋಗುಣಿಯ ಪಕ್ಕ ನಿಂತು ಶಾಲೆಯ ಸುದ್ದಿ ಒದರುತ್ತಲೇ ಇರುತ್ತಿದ್ದೆ. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅವರಿಗೆ ನಾನೆಂದರೆ ಆಗುವುದಿಲ್ಲ ಎಂದೇ ತಿಳಿದಿದ್ದೆ. ಹಾಗೆ ತಿಳಿದುಕೊಂಡು ಮಲಗುವುದು ಎಷ್ಟು ಕಷ್ಟ, ಹೇಳಿ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ಮಾಸ್ಟ್ರು ತಾವೇ ಒಂದು ನಾಟಕ ಬರೆದರು. ಹೋಟೆಲಿನ ಕತೆ. ನನಗೆ ಸಿಕ್ಕಿದ್ದು ಸದಾ ನಗುವ ಸಪ್ಲಾಯರನ ಪಾರ್ಟು! ನಾನು ನೋಡಿದ ಸಪ್ಲಾಯರ್ ಎಂದರೆ ಅಪ್ಪ ಒಬ್ಬರೇ, ಅದೂ ಜಗಲಿಯಲ್ಲಿ. ಹಾಗಾಗಿ ಮುಖ ಗಂಟಿಕ್ಕಿಕೊಂಡು, ತಲೆ ತಗ್ಗಿಸಿ ತಟ್ಟೆ ಹಿಡಿದು ಬಂದೆ.

“ಎಂತ ಮಾರಾಯ, ನೀನು ತಿಂಡಿ ಕೊಡುವುದಾ, ಸತ್ತವರ ಬೊಜ್ಜದ ಊಟ ಬಡಿಸುವುದಾ?” ಎಂದರು ಮಾಸ್ಟ್ರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. “ಹೋಗು, ಯಾವುದಾದರೂ ಹೋಟೆಲಿನ ಎದುರು ಸ್ವಲ್ಪ ಹೊತ್ತು ನಿಂತು ನೋಡಿ ಬಾ. ಮತ್ತೆ ಬಾಯಿ ತೆರೆ.”

ತಮ್ಮ ಹೋಟೆಲಿನ ಕಡೆ ಸುಳಿಯಬಾರದೆಂದು ಅಪ್ಪ ಹೇಳಿದ್ದರೂ ಅಲ್ಲಿಗೇ ಹೋದೆ. ಕಿಟಕಿಯ ಸರಳು ಹಿಡಿದು ನೋಡಿದರೆ, ಅಯ್ಯಬ್ಬ! ಹೆಗಲ ಮೇಲೆ ಕೈ ಒರೆಸುವ ಬಿಳಿ ಬೈರಾಸು, ಒಂದೇ ಕೈಯಲ್ಲಿ ನಾಲ್ಕು ಚಾ ಗ್ಲಾಸು, ಅಪ್ಪ ಬೆಂಚುಗಳ ನಡುವೆ ಜಾರುತ್ತಾ ಬರುತ್ತಿದ್ದಾರೆ. “ಬನ್ನಿ ಬನ್ನಿ, ಗೋಳಿಬಜೆ ಈಗಷ್ಟೇ ಬಾಣಲೆಯಿಂದ ಇಳಿದದ್ದು. ಬಾಯಿ ಸುಟ್ಟರೆ ನನಗೆ ಬೈಯಬೇಡಿ ಆಯ್ತಾ!” ಎಲ್ಲರೂ ನಗುತ್ತಿದ್ದಾರೆ. ಯಾರದೋ ಒಂದು ಮಗು ಹಾಲು ಬೇಡವೆಂದು ಅಳುತ್ತಿತ್ತು. ಅಪ್ಪ ಅದರ ಎದುರು ಬಗ್ಗಿ, ಕೆನ್ನೆ ಉಬ್ಬಿಸಿ, ಕಣ್ಣು ತಿರುಗಿಸಿ ಕುಡಿಸಿಯೇ ಬಿಟ್ಟರು. ನನಗೆ ಅಳು ಬಂತು. ಈ ಅಪ್ಪ ನಮ್ಮ ಮನೆಗೆ ಯಾಕೆ ಬರುವುದಿಲ್ಲ?

ಸಿಟ್ಟಿನಲ್ಲೇ ಎಲ್ಲವನ್ನೂ ಕಲಿತೆ. ಬೈರಾಸು ಕೊಡವುವುದು, ಗ್ಲಾಸು ಹಿಡಿಯುವುದು, ಆ ನಗು. ಮಾಸ್ಟ್ರಿಗೆ ಖುಷಿಯೋ ಖುಷಿ. “ನೆನಪಿಟ್ಟುಕೋ, ಪರದೆ ಬೀಳುವ ತನಕ ನಗು ಇಳಿಯಬಾರದು,” ಎಂದರು.

ನಾಟಕದ ದಿನ ಮೂರು ಆಟ. ಬೆಳಿಗ್ಗೆ ಚಿಕ್ಕ ಮಕ್ಕಳಿಗೆ, ಮಧ್ಯಾಹ್ನ ಬೇರೆ ಶಾಲೆಯವರಿಗೆ, ಸಂಜೆ ಮನೆಯವರಿಗೆ. ನಮ್ಮ ಮಂಗಳೂರಿನ ಸೆಕೆ ನಿಮಗೆ ಗೊತ್ತುಂಟಲ್ಲ? ಬಳಿದ ಬಣ್ಣ ಬೆವರಿನೊಂದಿಗೆ ಕುತ್ತಿಗೆಗೆ ಇಳಿಯುತ್ತಿತ್ತು, ಮಸಿಯ ಮೀಸೆ ತುರಿಸುತ್ತಿತ್ತು. ಮೊದಲ ಆಟದಲ್ಲಿ ನಗು ತಾನಾಗಿ ಬಂತು. ಎರಡನೆಯದರಲ್ಲಿ ನಾನು ತಂದುಕೊಂಡೆ. ಮೂರನೆಯದರಲ್ಲಿ ಕೆನ್ನೆ ನಡುಗುತ್ತಿತ್ತು, ಅಂಗಾಲು ಉರಿಯುತ್ತಿತ್ತು, ಆದರೂ ಹಲ್ಲು ಬಿಟ್ಟುಕೊಂಡೇ ಓಡಾಡಿದೆ. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ. ಅಕ್ಕ ಒಬ್ಬಳೇ ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದಳು.

ದಾರಿಯುದ್ದಕ್ಕೂ ಅವಳದೇ ಮಾತು. ಯಾರು ನಕ್ಕರು, ಯಾರು ಹೊಗಳಿದರು, ಹೋಟೆಲಿನ ಧಣಿಯ ಪಾರ್ಟಿನವನ ಮುಂಡಾಸು ಹೇಗೆ ವಾಲಿತು. ನನಗೆ ಒಂದು ಶಬ್ದವೂ ಬೇಡವಾಗಿತ್ತು.

“ಎಂತದಾದರೂ ಹೇಳು ಮಾರಾಯ! ನಾನು ಚಂದ ಉಂಟು ಅಂತ ಹೇಳ್ತಾ ಇದ್ದೇನೆ,” ಎಂದಳು ಅಕ್ಕ.

“ಹೂಂ,” ಎಂದೆ.

ಹೇಳಿದ ಮೇಲೆ ಆ ‘ಹೂಂ’ ನನ್ನ ಕಿವಿಗೇ ಗುರುತು ಸಿಕ್ಕಿತು. ಅಕ್ಕನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಅವಳೆಂದರೆ ನನಗೆ ಪ್ರಾಣ. ಆದರೆ ಬಾಯಿ ತೆರೆಯಲು ಶಕ್ತಿ ಇರಲಿಲ್ಲ, ಅಷ್ಟೇ. ಮತ್ತೆ ಮನೆ ಮುಟ್ಟುವ ತನಕ ಅಪ್ಪನದೇ ಯೋಚನೆ. ನನ್ನ ಆಟ ಒಂದು ದಿನದ್ದು. ಅವರದು ದಿನಾ.

ಅಪ್ಪ ಬಂದು ಜಗಲಿಯಲ್ಲಿ ಕೂತರು. ಅವತ್ತು ಬೋಗುಣಿಯನ್ನು ನಾನೇ ತಂದು ಇಟ್ಟೆ. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಪಕ್ಕದಲ್ಲಿ ಕಂಬಕ್ಕೊರಗಿ ಕೂತೆ. ಇಷ್ಟು ಹೊತ್ತಾದರೂ ಇವನ ಬಾಯಿ ಯಾಕೆ ತೆರೆಯಲಿಲ್ಲ ಎಂದೋ ಏನೋ, ಅಪ್ಪ ಕಣ್ಣು ಬಿಟ್ಟರು. ಅಳಿಸದೆ ಉಳಿದ ನನ್ನ ಮಸಿಮೀಸೆಯನ್ನೇ ನೋಡಿದರು.

“ಎಷ್ಟು ಆಟ?”

“ಮೂರು.”

“ನಗುವ ಪಾರ್ಟಾ?”

“ಹೌದು.”

ಅಪ್ಪ ತಮ್ಮ ಪಾದಗಳನ್ನು ಒಂದು ಬದಿಗೆ ಸರಿಸಿಕೊಂಡರು. “ಕಾಲು ಹಾಕು,” ಎಂದರು.

ನೀರು ಬಿಸಿಯಾಗಿತ್ತು. ಅವರ ಒರಟು ಹಿಮ್ಮಡಿ ನನ್ನ ಪಾದಕ್ಕೆ ತಾಗುತ್ತಿತ್ತು. ನೀರು ತಣ್ಣಗಾಗುವ ತನಕ ಇಬ್ಬರೂ ಹಾಗೇ ಕೂತೆವು. ಅಪ್ಪನಿಗೆ ನಾನೆಂದರೆ ಆಗುವುದಿಲ್ಲ ಎಂಬ ಯೋಚನೆ ಆಮೇಲೆ ನನಗೆ ಒಂದು ದಿನವೂ ಬರಲಿಲ್ಲ.

ಈಗ ನೀವು, ಮೊಮ್ಮಕ್ಕಳೇ, ಬಲ್ಮಠದಲ್ಲಿ ರಜೆಯ ನಾಟಕ ಶಿಬಿರಕ್ಕೆ ಹೋಗುತ್ತೀರಿ. ನಿಮಗೆ ಬಾಡಿಗೆಯ ವೇಷ, ಕಾಲರಿಗೆ ಸಿಕ್ಕಿಸುವ ಮೈಕು, ಮನೆಗೆ ಬಂದರೆ ಮೊಬೈಲಿನಲ್ಲಿ ನಿಮ್ಮದೇ ವಿಡಿಯೋ. ಸಭಾಕಂಪ ಹೋಗುತ್ತದೆ, ನಾಲಿಗೆ ತಿರುಗುತ್ತದೆ ಎಂದು ನಿಮ್ಮ ಅಪ್ಪ ಸೇರಿಸಿದ್ದಾನೆ. ಆಗಲಿ, ಅದೂ ಬೇಕು. ಹಾಗೆ ನೋಡಿದರೆ ನನ್ನ ಸಭಾಕಂಪ ಇವತ್ತಿಗೂ ಹೋಗಿಲ್ಲ. ಆದರೆ ನಿನ್ನೆ ನೀವಿಬ್ಬರೂ ನನ್ನ ಹತ್ತಿರ ಒಂದು ದೂರು ತಂದಿರಿ: “ಅಜ್ಜ, ಅಮ್ಮ ಬಂದ ಕೂಡಲೇ ಮುಖ ಊದಿಸಿಕೊಳ್ತಾಳೆ. ನಮ್ಮ ಹತ್ತಿರ ಮಾತೇ ಇಲ್ಲ.”

ನಿಮ್ಮ ಅಮ್ಮ ಬೆಳಿಗ್ಗೆಯಿಂದ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು, ಕಂಡ ರೋಗಿಗಳಿಗೆಲ್ಲ ನಗುನಗುತ್ತಾ ಸೂಜಿ ಚುಚ್ಚಿ, ನಂತೂರಿನ ಲಾರಿಗಳ ನಡುವೆ ಬಸ್ಸಿನಲ್ಲಿ ನೇತಾಡಿಕೊಂಡು ಬರುವವಳು. ನಮ್ಮ ಗೇಟಿನ ಹತ್ತಿರ ಬಂದಾಗ ಅವಳ ಪರದೆ ಬೀಳುತ್ತದೆ.

ನೋಡಿ, ಗೇಟು ಕಿರ್ರೆಂದಿತು. ನಿಮಗಾದರೆ ಗೀಸರ್ ಉಂಟು, ಒಲೆ ಊದಬೇಕಾಗಿಲ್ಲ. ಹೋಗಿ, ಬಿಸಿನೀರು ತನ್ನಿ. ಉಪ್ಪು ಹಾಕಿ. ಏನೂ ಕೇಳಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ.