ಮಿರ್ಚಿ ಎಣ್ಣೆಯ ಮುತ್ತಜ್ಜಿ

ರಾಯಚೂರಿನಲ್ಲಿ ಮಿರ್ಚಿ ಬಜ್ಜಿ ತಿಂದವರು ಕಟ್ಟಿಕೊಟ್ಟ ಕಾಗದವನ್ನು ಮುದ್ದೆ ಮಾಡಿ ಬಿಸಾಡುತ್ತಾರೆ. ನಾನು ಮಾತ್ರ ಅದರ ಮೇಲಿನ ದುಂಡನೆಯ ಎಣ್ಣೆಕಲೆಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಇವತ್ತು ಸಂಜೆಯೂ ಕೈಮುಗಿದೆ. ನಗಬೇಡಿ, ನಮ್ಮ ಸುಂಕವ್ವ ಹುಟ್ಟಿದ್ದು ಅಂಥದೇ ಕಲೆಯಿಂದ.

ನಾಲ್ಕೈದು ವರ್ಷದ ಹಿಂದೆ ನಾನು ಮಾನವಶಾಸ್ತ್ರ ಓದುತ್ತಿದ್ದೆ. ಮನುಷ್ಯ ಎಲ್ಲಿಂದ ಬಂದ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಕಾಲ, ಯಾರೂ ಕೇಳಲಿಲ್ಲ. ದೇವದುರ್ಗದ ಬಸ್ಸು ಹಿಡಿದು ಮಸರಕಲ್ಲಿಗೆ ಹೋಗಿ, ಹನುಮವ್ವ ಎಂಬ ಅಜ್ಜಿಯ ಕಟ್ಟೆಯ ಮೇಲೆ ಕೂತು ಅವರ ವಂಶವೃಕ್ಷ ಬರೆದುಕೊಂಡೆ. ನಮ್ಮ ಶಾಸ್ತ್ರದಲ್ಲಿ ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸುತ್ತು. ಮೊಮ್ಮಗ ಮಾರೆಪ್ಪನಿಗೆ ಅರಕೇರಾದ ರೇಣುಕಾ ನಿಶ್ಚಯವಾಗಿದ್ದಳು. ಅವಳ ಮನೆತನವನ್ನೂ ಪಕ್ಕದಲ್ಲೇ ಬರೆದೆ. ಹನುಮವ್ವ ಬಿಸಿ ಮಿರ್ಚಿ ಕೊಟ್ಟಳು. ಹಾಳೆಯ ಮೇಲೆಯೇ ಇಟ್ಟುಕೊಂಡು ತಿಂದೆ.

ಕೋಣೆಗೆ ಬಂದು ಪ್ರತಿ ಮಾಡುವಾಗ ಎರಡೂ ಮನೆತನಗಳ ಮುತ್ತಜ್ಜಿಯರ ಮೇಲೆ, ಸರಿಯಾಗಿ ನಡುವೆ, ಒಂದು ಮಸುಕು ಸುತ್ತು ಕಂಡಿತು. ಹೆಸರು ಬರೆಯಲು ಮರೆತ ಹೆಂಗಸು ಎಂದುಕೊಂಡು, ಹೊಸ ಪ್ರತಿಯಲ್ಲಿ ಅವಳನ್ನು ಇಬ್ಬರಿಗೂ ತಾಯಿ ಮಾಡಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮುಂದಿನ ವಾರ ಹೋಗಿ ಹೆಸರು ಕೇಳಿದೆ. ಹನುಮವ್ವ ಬಹಳ ಹೊತ್ತು ಯೋಚಿಸಿ, ಸುಂಕವ್ವ ಇರಬೇಕು ಎಂದಳು. ಓದಿದವರ ಹಾಳೆಯಲ್ಲಿ ಇದ್ದಮೇಲೆ ಇಲ್ಲ ಎನ್ನುವುದು ಹೇಗೆ? ಪಕ್ಕದ ಮನೆಯ ಮುದುಕ ಅವಳು ಎತ್ತರದ ಆಳು, ಬಾಯಿ ಬಹಳ ಜೋರು ಎಂದ. ಇನ್ನೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲವನ್ನೂ ಭಕ್ತಿಯಿಂದ ಬರೆದುಕೊಂಡೆ.

ಗೆರೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗಿಳಿದವನು ಮಾರೆಪ್ಪ.

"ಸರ, ಮುತ್ತಜ್ಜಿಗೋಳು ಅಕ್ಕತಂಗೇರಂದ್ರ, ರೇಣುಕಾ ನನಗ ತಂಗಿ ಆಗತಾಳಲ್ರೀ?"

ಅತ್ತೆಯ ಮಗಳಾದರೆ ಲಗ್ನ, ದೊಡ್ಡವ್ವನ ಮಗಳಾದರೆ ತಂಗಿ. ಈ ಲೆಕ್ಕ ಊರಿನ ಮಕ್ಕಳಿಗೂ ಬಾಯಿಪಾಠ. ಲಗ್ನ ಮುರಿಯಬೇಕು ಎಂದು ಹಿರಿಯರು ಆಗಲೇ ಅರಕೇರಾಕ್ಕೆ ಹೊರಟು ನಿಂತರು. ಮಾರೆಪ್ಪನ ಮುಖ ನೋಡಲಾಗಲಿಲ್ಲ.

ಅನುಮಾನ ಬಂದು ಚೀಲದಿಂದ ಹಳೆಯ ಹಾಳೆ ತೆಗೆದೆ. ಮೂಸಿದೆ. ಓಂಕಾಳಿನ ವಾಸನೆ, ಮಿರ್ಚಿಯದೇ. ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಅವನ ಲಗ್ನ. ನಾಚಿಕೆಯಿಂದ ಹಿಡಿಯಷ್ಟಾಗಿ, ಹಾಳೆಯನ್ನು ಹನುಮವ್ವನ ಮೂಗಿಗೆ ಹಿಡಿದು ನಡೆದದ್ದನ್ನು ಹೇಳಿದೆ.

ಅವಳು ಮೂಸಿದಳು. ನಗಲಿಲ್ಲ.

"ಯಪ್ಪಾ, ಅಕಿ ಸಲುವಾಗಿ ಮುಂಜಾನಿಂದ ಅತ್ತೀವಿ. ಈಗ ಅಕಿ ಇದ್ದೇ ಇಲ್ಲ ಅಂದ್ರ ಹೆಂಗ? ಅಕಿ ಇರಲಿ, ಗೆರಿ ಅಷ್ಟ ಅಳಸು. ಮಕ್ಕಳಿದ್ದಿಲ್ಲ ಅಂತ ಬರಕೋ."

ಅಳಿಸಿದೆ. ಲಗ್ನವಾಯಿತು. ಊಟಕ್ಕೆ ಸುಂಕವ್ವನ ಹೆಸರಿನಲ್ಲೂ ಒಂದು ಎಲೆ ಹಾಕಿ ಮಿರ್ಚಿ ಬಡಿಸಿದರು.

ಇವತ್ತು ಆ ಕಾಗದಕ್ಕೆ ಕೈಮುಗಿಯುತ್ತಿರುವಾಗಲೇ ಮಾರೆಪ್ಪನ ಫೋನು ಬಂತು. ಮಗಳನ್ನು ತೊಟ್ಟಿಲಿಗೆ ಹಾಕುತ್ತಾರಂತೆ, ಬರಲೇಬೇಕಂತೆ. ಏನು ಹೆಸರು ಎಂದೆ.

"ಸುಂಕವ್ವ ಅಂತ ಇಡಾಕತ್ತೀವ್ರಿ. ಹಿರೇರ ಹೆಸರು ನಿಲ್ಲಬೇಕಲ್ರೀ."

ಹಿಂದಿನಿಂದ ಅಳು ಕೇಳಿಸಿತು. ಬಾಯಿ ನಿಜಕ್ಕೂ ಜೋರು. ಮನೆಗೆ ಬಂದು ಹಳೆಯ ವಂಶವೃಕ್ಷ ಹುಡುಕಿದೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಂಡು, ಮಾರೆಪ್ಪ, ರೇಣುಕಾರ ಕೆಳಗೆ ಒಂದು ಸುತ್ತು ಬರೆದೆ. ಪೆನ್ನಿನಿಂದ.